ಹೆಡ್‌ಫೋನಿನ ಗಿಟಾರ್ ಪೆಂಡಾಲಿಗೆ ಬಂದಾಗ: ಹುಬ್ಬಳ್ಳಿಯ ಒಂದು ಪ್ರಕರಣ

ಹುಬ್ಬಳ್ಳಿಯ ಒಂದು ತಂಡ ಭಾವಗೀತೆ, ವಚನ, ಜನಪದ ಹಾಡುಗಳನ್ನು ಹಾರ್ಮೋನಿಯಂ ಮತ್ತು ತಬಲಾದ ಜೊತೆಗೆ ಎಲೆಕ್ಟ್ರಿಕ್ ಗಿಟಾರ್, ಬೇಸ್ ಗಿಟಾರ್, ರಿದಮ್ ಪ್ಯಾಡ್ ಸೇರಿಸಿಕೊಂಡು ಹಾಡುತ್ತದೆ. ಗಣೇಶೋತ್ಸವ ಬಂತೆಂದರೆ ಅವರಿಗೆ ಕೈತುಂಬ ಕಾರ್ಯಕ್ರಮ. ಗಿಟಾರ್ ನುಡಿಸುವವನು ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಯುವಕ. ಬೆರಳೂ ಚುರುಕು, ಕಿವಿಯೂ ಚುರುಕು. ಮೊದಲೆಲ್ಲ ಒಂದು ಟ್ರಾನ್ಸಿಸ್ಟರ್ ಆಂಪ್ಲಿಫೈಯರ್, ಎರಡು ಪೆಡಲ್, ಆಂಪ್ಲಿಫೈಯರ್ ಮುಂದೆ ಒಂದು ಮೈಕ್, ಇಷ್ಟರಲ್ಲೇ ಅವನ ಕೆಲಸ ನಡೆಯುತ್ತಿತ್ತು. ಈ ಸಲ ಹಬ್ಬಕ್ಕೆ ಮೊದಲು ಮಧ್ಯಮ ದರದ ಡಿಜಿಟಲ್ ಮಾಡೆಲರ್ ಒಂದನ್ನು, ಅಂದರೆ ಆಂಪ್ಲಿಫೈಯರಿನ ನಾದವನ್ನು ಅನುಕರಿಸುವ ಪೆಟ್ಟಿಗೆಯನ್ನು, ಕೊಂಡ. ಮೊದಲ ಕಾರ್ಯಕ್ರಮದಲ್ಲಿಯೇ ಅದು ಕೈಕೊಟ್ಟಿತು ಎಂದು ತಂಡದವರೆಲ್ಲ ಹೇಳಿದರು. ಅರ್ಧ ಹಾಡುಗಳಲ್ಲಿ ಗಿಟಾರ್ ಕೇಳಿಸಲಿಲ್ಲ, ಕೇಳಿಸಿದಲ್ಲಿ ಕಿವಿಗೆ ಚುಚ್ಚಿತು, ನಡುವೆ ಒಮ್ಮೆ ಪೂರ್ತಿ ನಿಂತೇ ಹೋಯಿತು. ತಂಡದ ಹಿರಿಯರಾದ ಹಾರ್ಮೋನಿಯಂ ಮಾಸ್ತರರು, "ತಮ್ಮಾ, ಮುಂದಿನ ಕಾರ್ಯಕ್ರಮಕ್ಕೆ ಹಳೆಯದನ್ನೇ ತೆಗೆದುಕೊಂಡು ಬಾ" ಎಂದುಬಿಟ್ಟರು.

ಧಾರವಾಡದಲ್ಲಿ ಸಣ್ಣ ತಂಡಗಳಿಗೆ ಧ್ವನಿ ಹೊಂದಿಸುವ ಕೆಲಸ ಮಾಡುವ ನನ್ನ ಬಳಿ ಅವನು ಪೆಟ್ಟಿಗೆಯೊಂದಿಗೆ ಬಂದ. ಪೆಟ್ಟಿಗೆಯಲ್ಲಿ ದೋಷವಿರಲಿಲ್ಲ. ಅವನು ಮಾಡಿದ ಒಂದೊಂದು ಕೆಲಸಕ್ಕೂ ತಕ್ಕ ಕಾರಣವಿತ್ತು. ಆದರೆ ಒಂದನ್ನು ಸರಿಪಡಿಸಲು ಮಾಡಿದ್ದು ಇನ್ನೊಂದನ್ನು ಕೆಡಿಸುತ್ತ ಹೋಗಿತ್ತು. ಈ ಸರಣಿ ನಮ್ಮ ಭಾಗದ ಅನೇಕ ಗಿಟಾರ್ ವಾದಕರಿಗೆ ಎದುರಾಗುವಂಥದ್ದು. ಅದಕ್ಕಾಗಿ ಇದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಮಾಡೆಲರ್ ಮಾಡುವುದೇನು

ಎಲೆಕ್ಟ್ರಿಕ್ ಗಿಟಾರಿನ ನಾದ ಗಿಟಾರಿನಿಂದಷ್ಟೇ ಬರುವುದಿಲ್ಲ. ಆಂಪ್ಲಿಫೈಯರಿನ ವಾಲ್ವ್ (ಗಾಜಿನ ನಿರ್ವಾತ ನಳಿಕೆ), ಟೋನ್ ಸರ್ಕ್ಯೂಟ್, ಹನ್ನೆರಡು ಇಂಚಿನ ಸ್ಪೀಕರ್, ಅದರ ಮರದ ಪೆಟ್ಟಿಗೆ, ಮುಂದಿಟ್ಟ ಮೈಕ್ ಇವೆಲ್ಲ ಸೇರಿ ಅದನ್ನು ರೂಪಿಸುತ್ತವೆ. ಮಾಡೆಲರ್ ಈ ಇಡೀ ಸರಪಳಿಯನ್ನು ಲೆಕ್ಕಾಚಾರದಲ್ಲಿ ಕಟ್ಟುತ್ತದೆ. ರೋಲ್ಯಾಂಡ್‌ನ ವಿಜಿ-8 1995ರಲ್ಲಿ, ಲೈನ್ 6ನ ಪಾಡ್ 1998ರಲ್ಲಿ ಬಂದವು. ಆಕ್ಸ್-ಎಫ್‌ಎಕ್ಸ್, ಕೆಂಪರ್, ಹೀಲಿಕ್ಸ್ ಆಮೇಲಿನವು. ಈಗ ನ್ಯೂರಲ್ ಆಂಪ್ ಮಾಡೆಲರ್ ಎಂಬ ಮುಕ್ತ ತಂತ್ರಾಂಶವೇ ಉಚಿತವಾಗಿ ಸಿಗುತ್ತದೆ. ಇಪ್ಪತ್ತು ಕಿಲೋಗಿಂತ ಹೆಚ್ಚು ತೂಗುವ ವಾಲ್ವ್ ಆಂಪ್ಲಿಫೈಯರನ್ನು ಕ್ರೂಸರಿನ ಮೇಲೆ ಕಟ್ಟಿಕೊಂಡು ಊರೂರು ತಿರುಗುವವನಿಗೆ ಇದು ದೊಡ್ಡ ಅನುಕೂಲ. ಸುಳ್ಳು ನಾದ ಎಂದು ಇದನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಸಹಮತವಿಲ್ಲ.

ಈ ಪ್ರಕರಣಕ್ಕೆ ಮುಖ್ಯವಾದದ್ದು ಸರಪಳಿಯ ಕೊನೆಯ ಕೊಂಡಿ, ಅಂದರೆ ಸ್ಪೀಕರ್ ಪೆಟ್ಟಿಗೆಯ ಅನುಕರಣೆ. ಗಿಟಾರಿನ ಸ್ಪೀಕರ್ ಸುಮಾರು 5 ಕಿಲೋಹರ್ಟ್ಸ್ ದಾಟಿದ ಮೇಲೆ ಕಡಿದಾಗಿ ಕುಸಿಯುತ್ತದೆ; ಕರ್ಕಶವನ್ನೆಲ್ಲ ಅದೇ ಸೋಸುತ್ತದೆ. ಸಭೆಗೆ ಕೇಳಿಸುವ ದೊಡ್ಡ ಸ್ಪೀಕರುಗಳು ಹಾಗಲ್ಲ, ಬಂದದ್ದನ್ನು ಬಂದಂತೆ ಹೊರಹಾಕುತ್ತವೆ. ಆದ್ದರಿಂದ ಮಾಡೆಲರನ್ನು ನೇರವಾಗಿ ಮಿಕ್ಸರಿಗೆ ಕೊಡುವಾಗ ಈ ಅನುಕರಣೆ ಇರಲೇಬೇಕು. ನಿಜವಾದ ಗಿಟಾರ್ ಆಂಪ್ಲಿಫೈಯರಿಗೆ ಕೊಡುವಾಗ ಇರಬಾರದು.

ಆ ಸಂಜೆ

ಪೆಂಡಾಲು ಹಳೆಯ ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಬೀದಿಯಲ್ಲಿತ್ತು. ಶಬ್ದ ಮಾಲಿನ್ಯ ನಿಯಂತ್ರಣಕ್ಕೆಂದು 2000ದಲ್ಲಿ ಬಂದ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬದ ಕೆಲವು ದಿನಗಳಿಗೆ ಸರ್ಕಾರ ಮಧ್ಯರಾತ್ರಿಯವರೆಗೆ ಸಡಿಲಿಕೆ ಕೊಡಬಹುದು. ಆ ದಿನ ಸಡಿಲಿಕೆ ಇರಲಿಲ್ಲ. ಮಂಗಳಾರತಿ ತಡವಾಯಿತು, ಗಣ್ಯರ ಭಾಷಣ ಬೆಳೆಯಿತು. ಸೌಂಡ್ ಚೆಕ್ಕಿಗೆ ಗಿಟಾರಿನ ಪಾಲಿಗೆ ಬಂದದ್ದು ನಾಲ್ಕು ಸ್ವರಮೇಳ ಬಾರಿಸುವಷ್ಟು ಹೊತ್ತು, ಅದೂ ಶುದ್ಧ ನಾದದ ಒಂದೇ ಪ್ಯಾಚ್‌ನಲ್ಲಿ (ಪ್ಯಾಚ್ ಎಂದರೆ ಪೆಟ್ಟಿಗೆಯಲ್ಲಿ ಉಳಿಸಿಟ್ಟ ನಾದದ ಹೊಂದಾಣಿಕೆ).

ಅವನು ಮಾಡೆಲರಿನ ಎಡ ಜ್ಯಾಕಿನಿಂದ ಉದ್ದನೆಯ ಸಾಧಾರಣ ಗಿಟಾರ್ ಕೇಬಲ್ ಎಳೆದು ಮಿಕ್ಸರಿಗೆ ಕೊಟ್ಟಿದ್ದ. ತನಗೆ ಕೇಳಲೆಂದು ಬಲ ಜ್ಯಾಕಿನಿಂದ ಇನ್ನೊಂದು ಕೇಬಲನ್ನು ತನ್ನ ಹಳೆಯ ಆಂಪ್ಲಿಫೈಯರಿನ ಮುಂದಿನ ಇನ್‌ಪುಟ್‌ಗೆ ಸಿಕ್ಕಿಸಿದ್ದ. ಸ್ಪೀಕರ್ ಪೆಟ್ಟಿಗೆಯ ಅನುಕರಣೆ ಎರಡೂ ದಾರಿಯಲ್ಲಿ ಚಾಲೂ ಇತ್ತು.

ಅಲ್ಲಿಂದ ಸರಣಿ ಶುರು. ಅವನ ಪಕ್ಕದ ಆಂಪ್ಲಿಫೈಯರಿನಲ್ಲಿ ನಾದ ಎರಡು ಸಲ ಸೋಸಿ ಹೋಗುತ್ತಿತ್ತು, ಒಮ್ಮೆ ಅನುಕರಣೆಯಿಂದ, ಇನ್ನೊಮ್ಮೆ ನಿಜವಾದ ಸ್ಪೀಕರಿನಿಂದ. ಕಂಬಳಿ ಹೊದಿಸಿದಂತೆ ಮಂಕಾಗಿ ಕೇಳಿಸಿತು. ಅವನು ಬಗ್ಗಿ ಮಾಡೆಲರಿನಲ್ಲಿ ತಾರದ ಗುಂಡಿಗಳಾದ ಟ್ರೆಬಲ್ ಏರಿಸಿದ, ಪ್ರೆಸೆನ್ಸ್ ಏರಿಸಿದ. ಅವನಿಗೆ ಸ್ವಲ್ಪ ಸರಿಯೆನಿಸಿತು. ಅದೇ ಕ್ಷಣ ಸಭೆಯ ಕಡೆಯ ಸ್ಪೀಕರುಗಳಲ್ಲಿ ಗಿಟಾರ್ ತಗಡು ಕೆರೆದಂತಾಯಿತು. ಮಿಕ್ಸರಿನ ಹುಡುಗ ಮಾಡಬೇಕಾದ್ದನ್ನೇ ಮಾಡಿದ: ಗಿಟಾರಿನ ಫೇಡರನ್ನು (ಸದ್ದು ಏರಿಳಿಸುವ ಜಾರುಗುಂಡಿ) ಕೆಳಗೆ ಎಳೆದ. ಗಾಯಕಿಗೆ ಕೇಳಿಸಲೆಂದು ಮುಂದಿಟ್ಟ ಸ್ಪೀಕರಿನಲ್ಲಿ, ಅಂದರೆ ಮಾನಿಟರಿನಲ್ಲಿ, ಗಿಟಾರ್ ಮಾಯವಾಯಿತು. ಅವರು ತಿರುಗಿ ನೋಡಿದರು. ಇವನು ತನ್ನ ಆಂಪ್ಲಿಫೈಯರಿನ ವಾಲ್ಯೂಮ್ ಏರಿಸಿದ. ಹಿಂದೆ ಕುಳಿತ ತಬಲಾ ವಾದಕರಿಗೆ ಆ ಮಂಕು ನಾದ ಡಗ್ಗಾದ ಮೇಲೆ ಬಂದು ಬಿತ್ತು.

ಯಾರೊಬ್ಬರ ಕಿವಿಯೂ ಸುಳ್ಳು ಹೇಳುತ್ತಿರಲಿಲ್ಲ. ಅವನು ಕೇಳುತ್ತಿದ್ದ ಗಿಟಾರ್ ಬೇರೆ, ಜನ ಕೇಳುತ್ತಿದ್ದ ಗಿಟಾರ್ ಬೇರೆ. ಗುಂಡಿ ಮಾತ್ರ ಒಂದೇ.

ಇದರ ಮೇಲೆ ಇನ್ನೂ ಮೂರು ತೊಂದರೆಗಳಿದ್ದವು. ಪ್ಯಾಚ್‌ಗಳು ಸ್ಟೀರಿಯೋದಲ್ಲಿದ್ದವು, ಪ್ರತಿಧ್ವನಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಗುವಂತೆ ಹೊಂದಿಸಲಾಗಿತ್ತು. ಸಭೆಗೆ ಎಡಭಾಗ ಮಾತ್ರ ಹೋದ್ದರಿಂದ ಒಂದು ಬಿಟ್ಟು ಒಂದು ಪ್ರತಿಧ್ವನಿ ನಾಪತ್ತೆಯಾಗಿ ಲಯ ಕುಂಟಿತು. ಎರಡನೆಯದು ಗುಂಯ್‌ಗುಡುವ ಹಿನ್ನೆಲೆ ಸದ್ದು. ಅದನ್ನು ಅಡಗಿಸಲು ಅವನು ಮೆಲ್ಲನೆಯ ಸದ್ದನ್ನು ತಡೆಯುವ ನಾಯ್ಸ್ ಗೇಟನ್ನು ಬಿಗಿ ಮಾಡಿದ. ಸದ್ದು ನಿಂತಿತು, ಜೊತೆಗೆ ವಚನದ ಆಲಾಪದಲ್ಲಿ ಅವನು ತಂತಿ ಎಳೆದು ತೆಗೆಯುವ ಮೀಂಡ್ ಕೂಡ ಅರ್ಧಕ್ಕೆ ಕತ್ತರಿಸಿತು. ಸ್ವರ ಕ್ಷೀಣಿಸುತ್ತ ಹೋಗುವಾಗ ಗೇಟಿಗೆ ಅದೂ ಗದ್ದಲವೆಂದೇ ಕಾಣುತ್ತದೆ. ಮೂರನೆಯದು ಕರೆಂಟು. ಪೆಂಡಾಲಿನವರು ನಡುವೆ ಜನರೇಟರಿಗೆ ಬದಲಿಸಿದರು. ದೀಪ ಒಮ್ಮೆ ಮಿಟುಕಿತು, ಅಷ್ಟೇ. ಆದರೆ ಮಾಡೆಲರ್ ಒಂದು ಕಂಪ್ಯೂಟರ್. ಅದು ಆರಿ ಮತ್ತೆ ಹೊತ್ತಿಕೊಂಡು ಸಿದ್ಧವಾಗುವಷ್ಟರಲ್ಲಿ ಒಂದು ಚರಣ ಮುಗಿದಿತ್ತು.

ರಾತ್ರಿ ಕಟ್ಟಿದ ನಾದ

ಮುಂದಿನ ಕಾರ್ಯಕ್ರಮ ಗದಗದಲ್ಲಿತ್ತು. ಅದಕ್ಕೆ ಮೊದಲು ಧಾರವಾಡದಲ್ಲಿ ಪರಿಚಯದವರೊಬ್ಬರ ಖಾಲಿ ಸಭಾಂಗಣ ಸಿಕ್ಕಿತು. ಪೆಂಡಾಲುಗಳಲ್ಲಿ ಬಳಸುವಂಥದ್ದೇ ಒಂದು ಜೋಡಿ ಸ್ಪೀಕರ್ ತರಿಸಿದೆ. ಹುಡುಗ ಬರುತ್ತಲೇ, "ಸರ್, ಇದು ಲೇಟೆನ್ಸಿ ಸಮಸ್ಯೆ ಇರಬೇಕು" ಎಂದ. ಅಂದರೆ ಪೆಟ್ಟಿಗೆ ನಾದವನ್ನು ತಡವಾಗಿ ಕೊಡುತ್ತಿದೆ ಎಂದು. ಅದಲ್ಲ. ಇಂಥ ಪೆಟ್ಟಿಗೆಗಳು ನಾದವನ್ನು ಸಂಸ್ಕರಿಸಲು ಕೆಲವೇ ಮಿಲಿಸೆಕೆಂಡ್ ತೆಗೆದುಕೊಳ್ಳುತ್ತವೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಹೋಗುತ್ತದೆ, ಅಂದರೆ 3 ಮಿಲಿಸೆಕೆಂಡಿಗೆ ಒಂದು ಮೀಟರ್. ಸ್ಪೀಕರಿನಿಂದ ಒಂದು ಹೆಜ್ಜೆ ಹಿಂದೆ ಸರಿದರೆ ಆಗುವ ತಡ ಅಷ್ಟೇ. ಆದರೆ ಅವನ ಗೆಳೆಯರು ಸೂಚಿಸಿದ್ದ ಬ್ಲೂಟೂತ್ ಸ್ಪೀಕರನ್ನು ಮಾನಿಟರ್ ಮಾಡಿಕೊಂಡಿದ್ದರೆ ನೂರು ಮಿಲಿಸೆಕೆಂಡಿಗೂ ಮಿಕ್ಕಿ ತಡವಾಗಿ ತಾಳಕ್ಕೆ ಕೈ ಸಿಗುತ್ತಲೇ ಇರಲಿಲ್ಲ. ಆ ಯೋಚನೆಯನ್ನು ಅಲ್ಲಿಗೇ ಬಿಟ್ಟೆವು.

ಅವನ ಪ್ಯಾಚ್‌ಗಳನ್ನು ಹಾಗೆಯೇ ಇಟ್ಟು ದೊಡ್ಡ ಸ್ಪೀಕರಿನಲ್ಲಿ ಜೋರಾಗಿ ಹಾಕಿ, ಅವನನ್ನು ಸಭೆಯ ನಡುವೆ ನಿಲ್ಲಿಸಿ ಕೇಳಿಸಿದೆ. ಉದ್ದದ ಕೇಬಲ್ ಹಾಕಿಕೊಂಡು ಅಲ್ಲಿಂದಲೇ ನುಡಿಸಿದ. ಮುಖ ಬಾಡಿತು. ಈ ನಾದವನ್ನು ಅವನು ಮನೆಯಲ್ಲಿ ರಾತ್ರಿ, ಎಲ್ಲರೂ ಮಲಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು ಮೆಲ್ಲಗೆ ನುಡಿಸುತ್ತ ಕಟ್ಟಿದ್ದ. ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿಯೇ ಇದರ ಮೂಲವನ್ನು ಅಳೆದು ತೋರಿಸಿದ್ದಾರೆ. ಶಬ್ದ ಮೆಲ್ಲಗಿರುವಾಗ ನಮ್ಮ ಕಿವಿಗೆ ತೀರಾ ಮಂದ್ರವೂ ತೀರಾ ತಾರವೂ ಕಡಿಮೆ ಕೇಳಿಸುತ್ತವೆ. ಶಬ್ದ ಏರಿದಂತೆ ಅವೆರಡೂ ತುಂಬಿಕೊಳ್ಳುತ್ತವೆ. ಮೆಲ್ಲನೆಯ ನಾದದಲ್ಲಿ ಕೊರತೆ ಕಂಡು ಮಂದ್ರವನ್ನೂ ತಾರವನ್ನೂ ಏರಿಸಿ, ನಡುವಿನದನ್ನು ಇಳಿಸಿದ ಪ್ಯಾಚ್ ಪೆಂಡಾಲಿನಲ್ಲಿ ಕೆಳಗೆ ಗುಡುಗುಡು, ಮೇಲೆ ಚುಚ್ಚು, ನಡುವೆ ಖಾಲಿ ಆಗುತ್ತದೆ. ಗಿಟಾರಿನ ಮಾತು ಇರುವುದೇ ಆ ನಡುವಿನಲ್ಲಿ.

ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸಿದ್ದು ಇದು. ವೇದಿಕೆಯ ನಾದವನ್ನು ವೇದಿಕೆಯ ಸದ್ದಿನಲ್ಲಿ, ವೇದಿಕೆಯ ಸ್ಪೀಕರಿನಲ್ಲಿ, ಉಳಿದ ವಾದ್ಯಗಳ ಜೊತೆಯಲ್ಲಿಯೇ ಕಟ್ಟಬೇಕು. ಒಂಟಿಯಾಗಿ ಕೇಳಿದಾಗ ಮೈ ತುಂಬಿ ಚೆಂದವೆನಿಸುವ ಗಿಟಾರ್ ತಂಡದಲ್ಲಿ ಬೇರೆಯವರ ಜಾಗ ತಿನ್ನುತ್ತದೆ.

ಮರುಜೋಡಣೆ

ಮೊದಲು ದಾರಿಗಳನ್ನು ಬೇರೆ ಮಾಡಿದೆವು. ಮಾಡೆಲರಿನ ಎಕ್ಸ್‌ಎಲ್‌ಆರ್ (ಮೈಕಿನ ಕೇಬಲಿನಂತೆ ಮೂರು ಪಿನ್ನಿನ) ಜ್ಯಾಕಿನಿಂದ ಮಿಕ್ಸರಿಗೆ ಮೊನೊ ನಾದ, ಸ್ಪೀಕರ್ ಪೆಟ್ಟಿಗೆಯ ಅನುಕರಣೆಯ ಸಹಿತ. ಅವನ ಆಂಪ್ಲಿಫೈಯರಿನ ಹಿಂಭಾಗದಲ್ಲಿ ಎಫೆಕ್ಟ್ಸ್ ರಿಟರ್ನ್ ಎಂಬ ಜ್ಯಾಕ್ ಇತ್ತು. ಅದಕ್ಕೆ ಕೊಟ್ಟರೆ ಮುಂದಿನ ಟೋನ್ ಸರ್ಕ್ಯೂಟನ್ನು ದಾಟಿ ನಾದ ನೇರ ಪವರ್ ವಿಭಾಗಕ್ಕೆ ಹೋಗುತ್ತದೆ. ಆ ದಾರಿಯಲ್ಲಿ ಅನುಕರಣೆಯನ್ನು ಆರಿಸಿದೆವು. ಪ್ರತಿಯೊಂದು ಔಟ್‌ಪುಟ್‌ಗೂ ಬೇರೆ ಬೇರೆಯಾಗಿ ಇದನ್ನು ಹೊಂದಿಸುವ ಸೌಲಭ್ಯ ಅವನ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಇತ್ತು, ಮೆನುವಿನ ಒಳಪುಟದಲ್ಲಿ. ಈಗ ಪಕ್ಕದ ಆಂಪ್ಲಿಫೈಯರೂ ಸಭೆಯ ಸ್ಪೀಕರೂ ಹೆಚ್ಚುಕಡಿಮೆ ಒಂದೇ ಗಿಟಾರನ್ನು ನುಡಿದವು.

ಆಮೇಲೆ ಜಾಗ ಹಂಚುವ ಕೆಲಸ. ಗಿಟಾರಿನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಸ್‌ನಲ್ಲಿ ಮಿಡಿಯುತ್ತದೆ, ಆದರೆ ತಂಡದಲ್ಲಿ ಆ ಪ್ರದೇಶ ಡಗ್ಗಾ ಮತ್ತು ಬೇಸ್ ಗಿಟಾರಿನದು. 100 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿದೆವು. ಮೇಲೆ 6 ಕಿಲೋಹರ್ಟ್ಸ್ ದಾಟಿದ್ದನ್ನೂ ಇಳಿಸಿದೆವು. 600ರಿಂದ 800 ಹರ್ಟ್ಸ್‌ವರೆಗೆ ಸ್ವಲ್ಪ ಎತ್ತಿದೆವು. ಗಾಯಕಿಯನ್ನೂ ಕರೆಸಿದ್ದೆವು; ಅವರು ಹಾಡುತ್ತಿರುವಾಗ 2.5 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಗಿಟಾರನ್ನು ತುಸು ತಗ್ಗಿಸಿದರೆ ಸಾಹಿತ್ಯದ ಅಕ್ಷರಗಳು ಬಿಡಿಬಿಡಿಯಾಗಿ ಕೇಳಿಸುವುದನ್ನು ಅವನೇ ಗಮನಿಸಿದ. ನಾದವನ್ನು ಒರಟಾಗಿಸುವ ಡಿಸ್ಟಾರ್ಷನ್ನಿನ ಗೇನ್, ಅಂದರೆ ಅದರ ಪ್ರಮಾಣ, ಮೂರನೇ ಒಂದು ಭಾಗ ಇಳಿಯಿತು. ಇದಕ್ಕೆ ಅವನು ಒಪ್ಪಲು ಹೊತ್ತು ಹಿಡಿಯಿತು. ಹೆಚ್ಚು ಗೇನ್ ಎಂದರೆ ಹೆಚ್ಚು ಬಲ ಎಂದು ಹೆಡ್‌ಫೋನ್ ನಂಬಿಸುತ್ತದೆ. ವಾಸ್ತವದಲ್ಲಿ ಗೇನ್ ಏರಿದಷ್ಟೂ ಮೀಟಿನ ಮೊನಚು ಅಳಿದು ನಾದ ಒಂದೇ ಮಟ್ಟದ ಗೋಡೆಯಾಗುತ್ತದೆ, ತಬಲಾದ ಕಿನಾರಿನ ಏಟಿನ ಮುಂದೆ ಅದು ನಿಲ್ಲುವುದಿಲ್ಲ.

ಪ್ಯಾಚ್‌ಗಳ ವಾಲ್ಯೂಮ್ ಸರಿದೂಗಿಸಿದ್ದೂ ಅದೇ ಸದ್ದಿನಲ್ಲಿ. ಮಿಕ್ಸರಿನ ಮೀಟರ್ ಇಲ್ಲಿ ಪೂರ್ತಿ ನೆರವಾಗದು. ಶುದ್ಧ ನಾದದ ಮೀಟಿಗೆ ಮುಳ್ಳು ಮೇಲಕ್ಕೆ ಹಾರುತ್ತದೆ; ಡಿಸ್ಟಾರ್ಷನ್ ಮೀಟರಿನಲ್ಲಿ ಕೆಳಗಿದ್ದರೂ ಕಿವಿಗೆ ಜೋರು. ಶುದ್ಧ ನಾದವನ್ನು ಆಧಾರವಾಗಿಟ್ಟು ಉಳಿದವನ್ನು ಕಿವಿಯಿಂದ ಸಮ ಮಾಡಿ, ಒಂಟಿ ವಾದನದ ಭಾಗಕ್ಕೆ 3 ಡೆಸಿಬೆಲ್ ಹೆಚ್ಚುವರಿ ಕೊಟ್ಟೆವು.

ಪ್ರತಿಧ್ವನಿಯ ವಿಷಯದಲ್ಲಿ ಆ ಬೀದಿಯನ್ನೇ ನೆನಪಿಸಿಕೊಂಡೆವು. ಎದುರಿನ ಅಂಗಡಿಗಳ ಮುಚ್ಚಿದ ಷಟರ್‌ಗಳು ಹದಿನೇಳು ಮೀಟರ್ ದೂರದಲ್ಲಿದ್ದರೆ ಅಲ್ಲಿಗೆ ಹೋಗಿ ಬರುವ ಶಬ್ದಕ್ಕೆ 100 ಮಿಲಿಸೆಕೆಂಡ್ ಬೇಕು. ಬೀದಿಯೇ ಒಂದು ಡಿಲೇ ಕೊಡುತ್ತದೆ. ಅದರ ಮೇಲೆ ಪೆಟ್ಟಿಗೆಯ ರಿವರ್ಬ್ (ದೊಡ್ಡ ಕೋಣೆಯ ಮೊಳಗಿನ ಅನುಕರಣೆ) ಸುರಿದರೆ ರಾಡಿ. ರಿವರ್ಬನ್ನು ಅರ್ಧಕ್ಕಿಳಿಸಿ ಡಿಲೇಯನ್ನು ಒಂಟಿ ವಾದನಕ್ಕೆ ಮಾತ್ರ ಉಳಿಸಿದೆವು. ನಿಮಿಷಕ್ಕೆ 120 ಬಡಿತದ ಲಯಕ್ಕೆ ಒಂದು ಬಡಿತ 500 ಮಿಲಿಸೆಕೆಂಡ್ ಎಂಬ ಲೆಕ್ಕ ಸುಲಭ, ಆದರೆ ತಬಲಾ ಯಂತ್ರದ ಲಯಕ್ಕೆ ಕಟ್ಟುಬಿದ್ದದ್ದಲ್ಲ. ಕೆಹರವಾ ತಾಳ ಚರಣದಿಂದ ಚರಣಕ್ಕೆ ಬಿಸಿಯೇರುತ್ತದೆ. ಆದ್ದರಿಂದ ಕಾಲಿನಿಂದ ತಟ್ಟಿ ವೇಗ ಹೇಳುವ ಟ್ಯಾಪ್ ಸ್ವಿಚ್ ಒಂದನ್ನು ಮೀಸಲಿಟ್ಟೆವು.

ಕಾಲಿನ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಮೂರ್ತಿಯ ಎದುರಿನ ವೇದಿಕೆಯಲ್ಲಿ ಯಾರೂ ಚಪ್ಪಲಿ, ಬೂಟು ಹಾಕುವುದಿಲ್ಲ. ಈ ಪೆಟ್ಟಿಗೆಗಳ ಸ್ವಿಚ್‌ಗಳು ಬೂಟಿನ ತುದಿಯಿಂದ ಒತ್ತಲೆಂದು ಮಾಡಿದವು. ಬರಿಗಾಲಿನ ಹೆಬ್ಬೆರಳಿನಿಂದ ಒತ್ತಿದರೆ ಉಕ್ಕಿನ ಗುಂಡಿ ಒಳಗೆ ನಾಟುತ್ತದೆ, ನೋವು ತಪ್ಪಿಸಲು ಪಾದ ಅಡ್ಡ ಹಾಕಿದರೆ ಪಕ್ಕದ ಸ್ವಿಚ್ಚೂ ಒತ್ತಿಹೋಗುತ್ತದೆ. ಆ ಸಂಜೆ ಅವನು ಎರಡು ಸಲ, ಶ್ರುತಿ ನೋಡುವಾಗ ಸದ್ದು ನಿಲ್ಲಿಸುವ ಟ್ಯೂನರಿಗೆ ಹೋಗಿ ನಾದ ಕಳೆದುಕೊಂಡದ್ದು ಹೀಗೆ. ಸ್ವಿಚ್‌ಗಳ ಮೇಲೆ ಅಗಲದ ಪ್ಲಾಸ್ಟಿಕ್ ಟೊಪ್ಪಿಗೆ ಹಾಕಿ, ಬಳಸುವ ಎರಡು ಸ್ವಿಚ್‌ಗಳ ನಡುವೆ ಒಂದನ್ನು ಖಾಲಿ ಬಿಟ್ಟೆವು. ಬೇರೆ ಬೇರೆ ಪ್ಯಾಚ್‌ಗಳ ಬದಲು ಒಂದೇ ಪ್ಯಾಚ್‌ನೊಳಗೆ ಮೂರು ಸೀನ್ (ಒಳ ಹೊಂದಾಣಿಕೆ) ಮಾಡಿದ್ದರಿಂದ ಬದಲಾಯಿಸುವಾಗ ಹಿಂದಿನ ಸ್ವರದ ಬಾಲ ಕತ್ತರಿಸುವುದೂ ತಪ್ಪಿತು.

ಶ್ರುತಿಯನ್ನು ಮಾಸ್ತರರೇ ಹಿಡಿದು ತೋರಿಸಿದರು. ಗಾಯಕಿಯ ಷಡ್ಜ ಕಾಳಿ ಐದು, ಅಂದರೆ ಹಾರ್ಮೋನಿಯಂನ ಐದನೆಯ ಕಪ್ಪು ಮನೆ, ಎ ಶಾರ್ಪ್. ಹುಡುಗ ಗಿಟಾರಿನ ಮೊದಲ ಮನೆಗೆ ಕೇಪೋ (ತಂತಿಗಳನ್ನು ಒತ್ತಿಹಿಡಿಯುವ ಕ್ಲಿಪ್) ಹಾಕಿ ಎ ಆಕಾರದಲ್ಲಿ ಹಿಡಿಯುತ್ತಿದ್ದ, ಅದು ಸರಿ. ಆದರೂ ಏನೋ ಉಜ್ಜುತ್ತಿತ್ತು. ಮಾಸ್ತರರ ಹಾರ್ಮೋನಿಯಂನ ಎ ಸ್ವರ 442 ಹರ್ಟ್ಸ್‌ಗೆ ಶ್ರುತಿಯಾಗಿದೆ, ಮಾಡೆಲರಿನ ಟ್ಯೂನರ್ 440ರಲ್ಲಿತ್ತು. ಅಂತರ ಒಂದು ಅರ್ಧಸ್ವರದ ನೂರರಲ್ಲಿ ಎಂಟು ಪಾಲು. ಕಡಿಮೆಯೆಂದು ತೋರುತ್ತದೆ, ಆದರೆ ಗದಗಿನಂಥ ಊರಿನಲ್ಲಿ, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು ಎದುರು ಕುಳಿತು ಕೇಳುವಲ್ಲಿ, ಅದು ಅಡಗುವುದಿಲ್ಲ. ಹಾರ್ಮೋನಿಯಂ ರೀಡನ್ನು ವೇದಿಕೆಯ ಮೇಲೆ ಕೆರೆಯಲಾಗದು. ಟ್ಯೂನರಿನ ಆಧಾರ ಸಂಖ್ಯೆ ಬದಲಿಸುವುದು ಒಂದು ಗುಂಡಿಯ ಕೆಲಸ.

ಅರ್ಥಿಂಗ್

ಗುಂಯ್‌ಗುಡುವ ಸದ್ದಿಗೆ ಹಲವು ಮೂಲಗಳಿದ್ದವು. ಉದ್ದದ ಸಾಧಾರಣ ಕೇಬಲ್ ಅಂಟೆನಾದಂತೆ ಬೆಳಕಿನ ಡಿಮ್ಮರಿನ ಗದ್ದಲವನ್ನು ಹೀರುತ್ತಿತ್ತು. ಆಂಪ್ಲಿಫೈಯರ್ ಒಂದು ಕಡೆಯ ಬೋರ್ಡಿನಿಂದ, ಮಿಕ್ಸರ್ ಇನ್ನೊಂದು ಕಡೆಯಿಂದ ಕರೆಂಟು ಪಡೆದು ನೆಲದ ತಂತಿ (ಅರ್ಥ್) ಎರಡು ದಾರಿಯಲ್ಲಿ ಸೇರಿ 50 ಹರ್ಟ್ಸ್‌ನ ಗುಂಗು ಹುಟ್ಟಿತ್ತು. ಎಕ್ಸ್‌ಎಲ್‌ಆರ್ ಕೇಬಲ್ ಮೊದಲನೆಯದನ್ನು ಬಹುಮಟ್ಟಿಗೆ ನೀಗಿಸಿತು, ಏಕೆಂದರೆ ಅದರ ಎರಡು ತಂತಿಗಳ ಮೇಲೆ ಸಮನಾಗಿ ಬೀಳುವ ಗದ್ದಲ ಮಿಕ್ಸರಿನಲ್ಲಿ ಪರಸ್ಪರ ಕಳೆದುಹೋಗುತ್ತದೆ. ಎರಡನೆಯದಕ್ಕೆ ಮಾಡೆಲರಿನ ಗ್ರೌಂಡ್ ಲಿಫ್ಟ್ ಸ್ವಿಚ್ ಸಾಕಾಯಿತು. ಗದ್ದಲ ಮೂಲದಲ್ಲೇ ಇಳಿದ ಮೇಲೆ ಗೇಟನ್ನು ಸಡಿಲಿಸಿದೆವು, ಮೀಂಡ್ ಮರಳಿತು.

ಆ ಸಂಜೆ ಯಾರೋ ಅವನಿಗೆ ಆಂಪ್ಲಿಫೈಯರಿನ ಪ್ಲಗ್‌ನಲ್ಲಿರುವ ದಪ್ಪ ಪಿನ್ನನ್ನೇ ತೆಗೆದುಬಿಡು, ಸದ್ದು ನಿಲ್ಲುತ್ತದೆ ಎಂದು ಹೇಳಿದ್ದರಂತೆ. ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಸದ್ದು ನಿಲ್ಲುವುದು ನಿಜ. ಆದರೆ ಆ ಪಿನ್ ಇರುವುದು ಜೀವ ಕಾಯಲು. ಭಾದ್ರಪದದ ಮಳೆಯಲ್ಲಿ ನೆನೆದ ಹಲಗೆಯ ಮೇಲೆ ಬರಿಗಾಲಿನಲ್ಲಿ ನಿಂತು, ಬೆರಳು ಉಕ್ಕಿನ ತಂತಿಯ ಮೇಲಿರುವಾಗ ತುಟಿ ಮೈಕಿಗೆ ತಾಗಿದರೆ, ಸೋರುವ ಕರೆಂಟಿಗೆ ದೇಹವೇ ದಾರಿ. ಗ್ರೌಂಡ್ ಲಿಫ್ಟ್ ಸ್ವಿಚ್ ನಾದದ ಕೇಬಲಿನ ನೆಲವನ್ನು ಮಾತ್ರ ಬಿಡಿಸುತ್ತದೆ, ಕರೆಂಟಿನ ನೆಲವನ್ನು ಮುಟ್ಟುವುದಿಲ್ಲ. ಇವೆರಡನ್ನು ಒಂದೇ ಎಂದುಕೊಳ್ಳುವುದು ಅಪಾಯ. ಪೆಂಡಾಲಿನ ಬೋರ್ಡಿಗೆ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ಪರೀಕ್ಷಿಸಿಕೊಂಡ ಮೇಲೆಯೇ ತಂತಿ ಮುಟ್ಟು ಎಂದು ಅವನಿಗೆ ಕಟ್ಟುನಿಟ್ಟಾಗಿ ಹೇಳಿದ್ದೇನೆ.

ಜನರೇಟರ್ ಬದಲಾವಣೆಗೆ ಮನೆಯ ಕಂಪ್ಯೂಟರಿನ ಸಣ್ಣ ಯುಪಿಎಸ್ ಸಾಕು. ಮಾಡೆಲರ್ ತಿನ್ನುವ ಕರೆಂಟು ತೀರಾ ಕಡಿಮೆ. ಕರೆಂಟು ಹೋದಾಗ ಯುಪಿಎಸ್ ಕೀಂಕೀಂ ಎನ್ನುತ್ತದೆ, ಹಾಡುವ ಮೈಕಿಗೆ ಆ ಸದ್ದೂ ಕೇಳುತ್ತದೆ. ಯುಪಿಎಸ್ಸನ್ನು ವೇದಿಕೆಯ ಹಿಂದೆ ಇಡಬೇಕು.

ಗದಗ, ಆಮೇಲೆ

ಗದಗದ ಕಾರ್ಯಕ್ರಮಕ್ಕೆ ನಾನೂ ಹೋಗಿದ್ದೆ, ಮಿಕ್ಸರಿಗೆ ಕೈ ಹಾಕಲಿಲ್ಲ. ಅಲ್ಲಿನವರಿಗೆ ಹುಡುಗ ಒಂದು ಚೀಟಿ ಕೊಟ್ಟ: ಗಿಟಾರ್ ಮೊನೊ, ಎಕ್ಸ್‌ಎಲ್‌ಆರ್, ಮಿಕ್ಸರ್ ಕೆಲವು ಮೈಕುಗಳಿಗೆ ಕಳಿಸುವ 48 ವೋಲ್ಟ್ ಬೇಡ, ಈಕ್ವಲೈಸರ್ ಸಮತಟ್ಟಾಗಿರಲಿ. ಸೌಂಡ್ ಚೆಕ್ಕಿನಲ್ಲಿ ಮೊದಲು ನುಡಿಸಿದ್ದು ಅತಿ ಜೋರಿನ ಸೀನ್, ಆಮೇಲೆ ಶುದ್ಧ ನಾದ. ಮೂರನೆಯ ಹಾಡಿನ ಹೊತ್ತಿಗೆ ಗಿಟಾರ್ ಇದೆ ಎಂಬ ಗಮನವೇ ಹೋಗಿ ಹಾಡು ಕೇಳುತ್ತಿದ್ದೆ. ಸಭಾಂಗಣದ ಹಿಂಬದಿಯ ಗೋಡೆಯಿಂದ ಮಂದ್ರ ಸ್ವಲ್ಪ ಹೆಚ್ಚಾಗಿ ಮರಳುತ್ತಿತ್ತು. ಅವನು ಸೀನ್‌ಗಳನ್ನು ಮುಟ್ಟದೆ ಇಡೀ ಪೆಟ್ಟಿಗೆಗೆ ಅನ್ವಯಿಸುವ ಗ್ಲೋಬಲ್ ಈಕ್ವಲೈಸರಿನಲ್ಲಿ ಕೆಳಗಿನ ಕತ್ತರಿಯನ್ನು 120 ಹರ್ಟ್ಸ್‌ಗೆ ಏರಿಸಿ ಸರಿಮಾಡಿಕೊಂಡ. ಊರಿಂದ ಊರಿಗೆ ಬದಲಾಗಬೇಕಾದದ್ದು ಅಷ್ಟೇ.

ಒಂದು ತೊಡಕು ಉಳಿದಿದೆ. ಹಾವೇರಿ ಕಡೆಯ ಹಳ್ಳಿಗಳಲ್ಲಿ ಇಡೀ ವೇದಿಕೆಗೆ ಒಂದೇ ಮಾನಿಟರ್ ಸಿಗುತ್ತದೆ, ಅದು ಗಾಯಕಿಯದು. ಅಲ್ಲಿಗೆ ಆಂಪ್ಲಿಫೈಯರ್ ಹೊತ್ತೊಯ್ಯುವುದಾದರೆ ಮಾಡೆಲರ್ ಕೊಂಡ ಲಾಭ ಅರ್ಧ ಹೋಯಿತು. ತಂತಿಯ ಇಯರ್‌ಫೋನನ್ನು ಮಾಡೆಲರಿಗೇ ಸಿಕ್ಕಿಸಿ, ಮಿಕ್ಸರಿನಿಂದ ತಂಡದ ನಾದವನ್ನು ಅದರ ಆಕ್ಸ್ ಇನ್‌ಪುಟ್‌ಗೆ ತರಿಸಿಕೊಳ್ಳುವ ಪ್ರಯೋಗ ನಡೆಸಿದ್ದೇವೆ. ಒಂದು ಕಿವಿಯನ್ನು ತಬಲಾಕ್ಕಾಗಿ ತೆರೆದಿಡುತ್ತೇನೆ ಎನ್ನುತ್ತಾನೆ ಹುಡುಗ. ಎರಡೂ ಕಿವಿ ಮುಚ್ಚಿ ಎರಡರಲ್ಲೂ ಸದ್ದು ಕಡಿಮೆ ಇಡುವುದು ಕಿವಿಯ ಆರೋಗ್ಯಕ್ಕೆ ಒಳ್ಳೆಯದು ಎಂಬುದು ನನ್ನ ವಾದ, ಏಕೆಂದರೆ ಒಂದೇ ಕಿವಿಗೆ ಹಾಕಿಕೊಂಡವನು ಹೊರಗಿನ ಗದ್ದಲವನ್ನು ಮೀರಲು ವಾಲ್ಯೂಮ್ ಏರಿಸುತ್ತಲೇ ಹೋಗುತ್ತಾನೆ. ತಬಲಾದ ಮೈಕನ್ನು ಅವನ ಇಯರ್‌ಫೋನಿಗೆ ಎಷ್ಟು ಕಳಿಸಬೇಕು ಎಂಬುದನ್ನು ಮುಂದಿನ ತಾಲೀಮಿನಲ್ಲಿ ತಬಲಾ ವಾದಕರನ್ನು ಕೂರಿಸಿಕೊಂಡೇ ಹೊಂದಿಸಲಿದ್ದೇವೆ.